ಅಳಿಸದ ಲೆಕ್ಕ

ಕಳೆದ ದೀಪಾವಳಿಗೆ ಮೊಮ್ಮಗಳು ಊರಿಗೆ ಬಂದಾಗ ಅವಳ ಮೋರೆ ಎಂದಿನಂತಿರಲಿಲ್ಲ. ಬೆಟಗೇರಿಯ ನಮ್ಮ ಮನೆಯ ಹೊಸ್ತಿಲನ್ನು ದಾಟುವ ಮುಂಚೆಯೇ ‘ಅಜ್ಜಾ’ ಎಂದು ಕೂಗುವ ರೂಢಿಯವಳು, ಈ ಸಲ ಚೀಲವನ್ನು ಮೂಲೆಗಿರಿಸಿ, ಕೈಕಾಲು ತೊಳೆದು ಬಂದು, ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ಕುಳಿತಳು. ಹಬ್ಬದ ಮೊದಲ ದಿನವು ಹೀಗೆಯೇ ಕಳೆಯಿತು. ಎರಡನೆಯ ದಿನ ಸಂಜೆ, ಓಣಿಯ ಮಗ್ಗಗಳ ಸಪ್ಪಳವು ಹಬ್ಬಕ್ಕಾಗಿ ನಿಂತಿದ್ದ ಹೊತ್ತಿನಲ್ಲಿ, ಅವಳು ಮೆಲ್ಲಗೆ ಕೇಳಿದಳು: “ಅಜ್ಜಾ, ನಾ ಆನರ್ಸ್ ಬಿಟ್ಟು ಸಾದಾ ಡಿಗ್ರಿಗೆ ಬಂದ್ರ ನಿಮಗ ಬ್ಯಾಸರ ಆಗ್ತದೇನ್ರಿ?”

ಬೇಸರವಾಗುವದೋ ಇಲ್ಲವೋ ಎಂಬದನ್ನು ಹೇಳುವ ಮೊದಲು, ಅವಳು ಬಿಡಬೇಕೆಂದಿರುವದು ಏನನ್ನು ಎಂಬದನ್ನು ನಾನು ತಿಳಿದುಕೊಳ್ಳಬೇಕಾಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಗಳ ಹೈಸ್ಕೂಲುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತವನ್ನು ಕಲಿಸಿದವನು ನಾನು. ಆದರೆ ಗಣಕಯಂತ್ರವು ನನ್ನ ಸೇವೆಯ ಕೊನೆಗಾಲದಲ್ಲಿ ಶಾಲೆಗೆ ಬಂದು, ಬಟ್ಟೆಯ ಮುಸುಕಿನೊಳಗೆ ಕುಳಿತು, ನಾನು ನಿವೃತ್ತನಾಗುವವರೆಗೂ ಹಾಗೆಯೇ ಕುಳಿತಿತ್ತು. ನಮ್ಮಿಬ್ಬರಿಗೆ ಪರಿಚಯವಾಗಲಿಲ್ಲ.

ಆನರ್ಸ್ ಎಂಬ ಮಾತಂತೂ ಈಗ ನಮ್ಮ ಮನೆಗಳಲ್ಲಿ ಅಪರಿಚಿತವಲ್ಲ. ನಮ್ಮ ರಾಜ್ಯದಲ್ಲಿ ೨೦೨೧ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯ ಏರ್ಪಾಡು ಬಂದು, ೨೦೨೪ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಮರಳಿದ್ದನ್ನು ವಾಚಕರು ಬಲ್ಲರು. ಮೊಮ್ಮಗಳು ಸೇರಿದ್ದು ಹೊರರಾಜ್ಯದ ಒಂದು ಸಂಸ್ಥೆಯನ್ನು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಅವಳಿಗೆ ಗಂಟಲಲ್ಲಿ ಸಿಕ್ಕಿಕೊಂಡ ತುತ್ತೆಂದರೆ ‘ದತ್ತಾಂಶ ರಚನೆ’ ಎಂಬ ವಿಷಯ. ಮಾಹಿತಿಯನ್ನು ಯಂತ್ರದೊಳಗೆ ಯಾವ ಅಂದದಿಂದ ಜೋಡಿಸಿಟ್ಟರೆ ಬೇಗನೆ ಕೈಗೆ ಸಿಕ್ಕೀತೆಂಬ ವಿಚಾರವದು. ಅದನ್ನು ಅವರು ‘ಫಂಕ್ಷನಲ್ ಪ್ರೋಗ್ರಾಮಿಂಗ್’ ಎಂಬ ಪದ್ಧತಿಯಿಂದ ಕಲಿಸುತ್ತಾರೆ. ಇದೇನೂ ಹೊಸ ಹುಚ್ಚಲ್ಲ. ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಈ ಎರಡನ್ನೂ ಕೂಡಿಸಿದ ಹೆಸರಿನ ಪಾಠಕ್ರಮವು ಹಲವು ವರ್ಷ ನಡೆಯಿತು. ನಮ್ಮ ಕಡೆಗೆ ಬಂದರೆ, ಚೆನ್ನೈ ಗಣಿತ ಸಂಸ್ಥೆಯ ಬಿ.ಎಸ್‌ಸಿ. ಆನರ್ಸ್ ವಿದ್ಯಾರ್ಥಿಗಳಿಗೆ ಹಾಸ್ಕೆಲ್ ಎಂಬ ಇಂಥದೇ ಭಾಷೆಯಿಂದ ಗಣಕಕ್ರಮದ ಓನಾಮವನ್ನು ಮಾಡಿಸುವ ಪರಿಪಾಠವಿದೆ.

“ಇದರಾಗ ಕಷ್ಟ ಏನವ್ವಾ?” ಎಂದು ಕೇಳಿದೆ.

“ಅಳಸಾಕ ಬರೂದಿಲ್ಲ ಅಜ್ಜಾ,” ಎಂದಳು. “ಒಮ್ಮೆ ಬರದದ್ದು ಬರದಂಗನ ಇರ್ತದ. ಸಾಲ್ಯಾಗ ಕಲತದ್ದು ಎಲ್ಲಾ ತಿರುಗಾ ಮುರುಗಾ ಆತು.”

ಇದಿಷ್ಟು ಕೇಳಿದೊಡನೆ ನನ್ನ ಎದೆಯಲ್ಲೊಂದು ಹಳೆಯ ಮುಳ್ಳು ಅಲುಗಿತು. ಆದರೆ ಆ ಮಾತು ಆಮೇಲೆ. ಮೊದಲು ಅವಳು ನನಗೆ ತಿಳಿಸಿಕೊಟ್ಟದ್ದನ್ನು ಹೇಳುತ್ತೇನೆ. ಯಾಕಂದರೆ ಆ ನಾಲ್ಕು ದಿನ ಪಡಸಾಲೆಯಲ್ಲಿ ಅವಳೇ ಮಾಸ್ತರಳು, ನಾನೇ ವಿದ್ಯಾರ್ಥಿ.

ಸಾಧಾರಣವಾದ ಗಣಕಕ್ರಮದಲ್ಲಿ ಯಂತ್ರದ ನೆನಪನ್ನು ಪೆಟ್ಟಿಗೆಗಳ ಸಾಲೆಂದು ಭಾವಿಸುತ್ತಾರೆ. ಪೆಟ್ಟಿಗೆಯಲ್ಲಿ ೫ ಇದ್ದರೆ ಅದನ್ನು ತೆಗೆದು ೬ನ್ನು ಇಡೆಂದು ಅಪ್ಪಣೆ ಕೊಡುತ್ತಾರೆ. ೫ ಎಲ್ಲಿ ಹೋಯಿತೆಂದು ಯಾರೂ ಕೇಳುವದಿಲ್ಲ. ಇದನ್ನು ಅವರು ‘ಕ್ಷ = ಕ್ಷ + ೧’ ಎಂಬ ಧಾಟಿಯಲ್ಲಿ ಬರೆಯುತ್ತಾರಂತೆ. ನನ್ನ ಸೇವಾಕಾಲದಲ್ಲಿ ಯಾವ ಹುಡುಗನಾದರೂ ಹಲಗೆಯ ಮೇಲೆ ಹೀಗೆ ಬರೆದಿದ್ದರೆ ಅವನ ಕಿವಿಯನ್ನು ಹಿಂಡುತ್ತಿದ್ದೆ. ತನಗಿಂತ ತಾನೇ ಒಂದು ಹೆಚ್ಚಾಗಿರುವ ಸಂಖ್ಯೆ ಎಲ್ಲಿಯಾದರೂ ಉಂಟೇ? ಫಂಕ್ಷನಲ್ ಪದ್ಧತಿಯವರೂ ನನ್ನ ಪಕ್ಷದವರೇ ಎಂದು ತಿಳಿದು ನನಗೆ ಸಂತೋಷವಾಯಿತು. ಅವರಲ್ಲಿ ಕ್ಷ ಎಂದರೆ ಕೊನೆಯವರೆಗೂ ಒಂದೇ ಬೆಲೆ. ಬೇರೆ ಬೆಲೆ ಬೇಕಾದರೆ ಬೇರೆ ಹೆಸರು. ಒಂದು ಫಂಕ್ಷನ್ನಿಗೆ ಏನನ್ನು ಕೊಟ್ಟರೆ ಏನು ಬರುವದೆಂಬದು ಎಂದಿಗೂ ಬದಲಾಗುವದಿಲ್ಲ. ಇಂದು ಕೇಳಿದರೂ ನಾಳೆ ಕೇಳಿದರೂ ಉತ್ತರ ಅದೇ. ಆದುದರಿಂದಲೇ ಅಂಥ ಬರಹದ ಸರಿತಪ್ಪುಗಳನ್ನು ಬೀಜಗಣಿತದ ಸಮೀಕರಣಗಳಂತೆ ಒಂದರ ಬದಲಿಗೆ ಇನ್ನೊಂದನ್ನು ಇಟ್ಟು ಸಾಧಿಸಲು ಬರುತ್ತದೆ. ಈ ವಿಚಾರದ ಬೇರು ಯಂತ್ರಕ್ಕಿಂತ ಹಳೆಯದು. ೧೯೩೦ರ ದಶಕದಲ್ಲಿ ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞನು ಇದನ್ನು ಕಾಗದದ ಮೇಲೆ ಕಟ್ಟಿದನು. ೧೯೫೮ರಲ್ಲಿ ಜಾನ್ ಮೆಕಾರ್ಥಿಯು ಲಿಸ್ಪ್ ಎಂಬ ಭಾಷೆಯ ಕೆಲಸಕ್ಕೆ ಕೈಹಚ್ಚಿದಾಗ ಅದು ಯಂತ್ರಕ್ಕೆ ಇಳಿಯತೊಡಗಿತು.

ಈ ಪದ್ಧತಿಯ ಮೊದಲ ರಚನೆಯೆಂದರೆ ಯಾದಿ. ಅದರ ವ್ಯಾಖ್ಯೆಯನ್ನು ಕೇಳಿ ನಾನು ಮನಸಾರೆ ತಲೆದೂಗಿದೆನು: ಯಾದಿಯೆಂದರೆ ಒಂದೋ ಬರಿದು, ಇಲ್ಲವೆ ಒಂದು ತಲೆ ಮತ್ತು ಅದರ ಹಿಂದೆ ಇನ್ನೊಂದು ಯಾದಿ. ಇಷ್ಟೇ! ಗಣಿತೀಯ ಅನುಗಮನವನ್ನು ಕಲಿಸಿದವನಿಗೆ ಇದು ಬೇರೆ ಭಾಷೆಯೆನಿಸುವದಿಲ್ಲ. ಬರಿದಾದ ಯಾದಿಗೆ ಒಂದು ಮಾತನ್ನು ಸಾಧಿಸಿ, ಹಿಂದಿನದಕ್ಕೆ ನಿಜವಿದ್ದರೆ ಮುಂದಿನದಕ್ಕೂ ನಿಜವೆಂದು ತೋರಿಸಿದರೆ ಎಲ್ಲ ಯಾದಿಗಳಿಗೂ ಸಾಧಿಸಿದಂತಾಯಿತು. ಯಾದಿಗೆ ಹೊಸ ಹೆಸರನ್ನು ಸೇರಿಸಬೇಕಾದರೆ ಅದನ್ನು ತಲೆಗೆ ಇಟ್ಟು, ಹಳೆಯ ಯಾದಿಯನ್ನು ಇದ್ದಂತೆಯೇ ಅದರ ಬೆನ್ನಿಗೆ ಕೊಡುತ್ತಾರೆ. ಹಳೆಯದೂ ಉಳಿಯಿತು, ಹೊಸದೂ ಹುಟ್ಟಿತು. ನಕಲು ಮಾಡುವ ಕೆಲಸ ಬೀಳಲಿಲ್ಲ. ನಮ್ಮ ಓಣಿಯ ನೇಕಾರರು ಒಂದು ಹಾಸು ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಕೆಚ್ಚುತ್ತಾರೆ. ಹೀಗೆ ಮಾಡುವದರಿಂದ ಪ್ರತಿಯೊಂದು ಎಳೆಯನ್ನೂ ಮತ್ತೆ ಮೊದಲಿನಿಂದ ಪೋಣಿಸುವ ಶ್ರಮ ತಪ್ಪುತ್ತದೆ. ಇದೂ ಅಂಥದೇ ಜಾಣತನವೆಂದು ನನಗೆ ತೋರಿತು.

ಮರದಂತೆ ಕವಲೊಡೆಯುವ ರಚನೆಗಳಲ್ಲಿ ಈ ಲಾಭ ಇನ್ನೂ ಸ್ಪಷ್ಟವಾಗಿದೆ. ಪ್ರತಿ ಗೆಣ್ಣಿಗೆ ಎರಡೆರಡು ಕವಲಿನಂತೆ ಸಮನಾಗಿ ಬೆಳೆದ ಮರದಲ್ಲಿ ಹತ್ತು ಲಕ್ಷ ಹೆಸರುಗಳಿದ್ದರೂ ಬೇರಿನಿಂದ ತುದಿಗೆ ಸುಮಾರು ಇಪ್ಪತ್ತೇ ಮೆಟ್ಟಿಲು. ಒಂದು ಹೆಸರನ್ನು ತಿದ್ದಬೇಕಾದರೆ ಆ ದಾರಿಯ ಇಪ್ಪತ್ತು ಗೆಣ್ಣುಗಳನ್ನು ಮಾತ್ರ ಹೊಸದಾಗಿ ಮಾಡಿ, ಮಿಕ್ಕ ಕೊಂಬೆಗಳನ್ನು ಹಳೆಯ ಮರದೊಡನೆ ಹಂಚಿಕೊಂಡರೆ ಸಾಕು. ಹಳೆಯ ಮರವು ಹಳೆಯವರಿಗೆ, ಹೊಸದು ಹೊಸಬರಿಗೆ. ಎರಡನ್ನೂ ಕೇಳಬಹುದು.

ಮೂರನೆಯ ದಿನ ಅವಳು ಪಾಳಿಯ ವಿಚಾರಕ್ಕೆ ಬಂದಳು. ಪಾಳಿಯೆಂದರೆ ರೇಶನ್ ಅಂಗಡಿಯ ಮುಂದಿನ ಸಾಲು. ಹಿಂದಿನಿಂದ ಬಂದು ನಿಲ್ಲಬೇಕು, ಮುಂದಿನಿಂದ ಹೊರಬೀಳಬೇಕು. ಯಾದಿಗಾದರೋ ತಲೆಯ ಕಡೆಯಲ್ಲಿ ಮಾತ್ರ ಬಾಗಿಲು. ಆದುದರಿಂದ ಎರಡು ಯಾದಿಗಳನ್ನು ಇಡುತ್ತಾರೆ: ಹೋಗುವವರದೊಂದು, ಬರುವವರದೊಂದು. ಹೋಗುವವರ ಯಾದಿಯು ಬರಿದಾದೊಡನೆ ಬರುವವರದನ್ನು ತಿರುವಿ ಅದರ ಸ್ಥಳಕ್ಕೆ ತರುತ್ತಾರೆ. ತಿರುವುವ ದಿನ ಖರ್ಚು ದೊಡ್ಡದು; ಉಳಿದ ದಿನಗಳಲ್ಲಿ ಖರ್ಚೇ ಇಲ್ಲದಂತೆ. ಸರಾಸರಿಯಲ್ಲಿ ಇದು ದುಬಾರಿಯೋ ಅಗ್ಗವೋ ಎಂಬದನ್ನು ಹೇಗೆ ಹೇಳಬೇಕು? ಒಳಗೆ ಬರುವ ಪ್ರತಿಯೊಬ್ಬನಿಂದಲೂ ಒಂದೊಂದು ಪೈಸೆಯನ್ನು ಹೆಚ್ಚಿಗೆ ತೆಗೆದುಕೊಂಡು ಜಮಾ ಇಡುವದು. ತಿರುವುವ ದಿನದ ಖರ್ಚು ಆ ಜಮಾದಿಂದ ಸರಿಯಾಗಿ ತೀರುವದು. ರಾಬರ್ಟ್ ಟಾರ್ಜನ್ ೧೯೮೫ರಲ್ಲಿ ವಿವರಿಸಿದ ಈ ರೀತಿಗೆ ಸಾಹುಕಾರನ ರೀತಿಯೆಂದೇ ಹೆಸರಂತೆ.

ಇದನ್ನು ಕೇಳಿ ನನಗೆ ನಗು ಬಂದಿತು. “ಇದನ್ನ ಕಲಿಯಾಕ ಅಷ್ಟು ದೂರ ಹೋಗಬೇಕಾಗಿತ್ತೇನ ತಂಗಿ? ನಮ್ಮ ಕಣಗಿನಹಾಳಕ್ಕ ಹೋಗಿದ್ರ ಆಗ್ತಿತ್ತಲ್ಲ,” ಎಂದೆ. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದ ಮರುವರ್ಷವೇ, ೧೯೦೫ರಲ್ಲಿ, ಗದಗ ತಾಲೂಕಿನ ಆ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಸಹಕಾರಿ ಚಳವಳಿಯು ಅಲ್ಲಿಂದ ಮೊದಲಾಯಿತೆಂಬದು ನಮ್ಮ ಜಿಲ್ಲೆಯ ಹೆಮ್ಮೆ. ಪ್ರತಿಯೊಬ್ಬನದು ಚಿಕ್ಕ ಪಾಲು, ಒಬ್ಬನ ಕಷ್ಟದ ದಿನಕ್ಕೆ ದೊಡ್ಡ ಸಾಲ. ಪಾಳಿಯ ಗಣಿತವೂ ಅದೇ ಅಲ್ಲವೇ?

ಮೊಮ್ಮಗಳು ನಗಲಿಲ್ಲ. “ಮುಂದ ಕೇಳ್ರಿ ಅಜ್ಜಾ. ತೊಡಕು ಇರೂದು ಅಲ್ಲೇ,” ಎಂದಳು.

ತೊಡಕು ಇದು. ಈ ಪದ್ಧತಿಯಲ್ಲಿ ಹಳೆಯದು ಅಳಿಯುವದಿಲ್ಲ. ತಿರುವುವ ಮೊದಲಿನ ಪಾಳಿಯನ್ನು ಒಬ್ಬನು ಇಟ್ಟುಕೊಂಡಿದ್ದರೆ, ಅದನ್ನೇ ಮತ್ತೆ ಮತ್ತೆ ಮುಂದೆ ಒಡ್ಡಿ ‘ತಿರುವು’ ಎನ್ನಬಹುದು. ಕೂಡಿಟ್ಟ ಜಮಾವಾದರೋ ಒಂದೇ. ಅದು ಮೊದಲ ಸಲಕ್ಕೇ ಖರ್ಚಾಗಿ ಹೋಗಿದೆ. ಎರಡನೆಯ ಸಲಕ್ಕೆ ಹಣವೆಲ್ಲಿಂದ? ಈ ಗಂಟನ್ನು ಬಿಡಿಸಿದವನು ಕ್ರಿಸ್ ಒಕಸಾಕಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ೧೯೯೬ರಲ್ಲಿ ಒಪ್ಪಿಸಿದ ಪ್ರಬಂಧವನ್ನು ಬೆಳೆಸಿ ಅವನು ೧೯೯೮ರಲ್ಲಿ ಪ್ರಕಟಿಸಿದ ಗ್ರಂಥವೇ ಈ ಪಾಠಕ್ರಮಗಳಿಗೆ ಆಧಾರ. ಅವನ ಯುಕ್ತಿ ಇಷ್ಟು: ಜಮಾದ ಬದಲು ಸಾಲದ ಲೆಕ್ಕವನ್ನು ಇಡಿರಿ. ದೊಡ್ಡ ಕೆಲಸವನ್ನು ಮುಂಚಿತವಾಗಿಯೇ ಸಾಲವೆಂದು ಬರೆದುಕೊಂಡು, ಕಂತುಕಂತಾಗಿ ತೀರಿಸುತ್ತ ಬಂದು, ಸಾಲವೆಲ್ಲ ತೀರಿದ ಮೇಲೆಯೇ ಅದರ ಫಲವನ್ನು ಮುಟ್ಟಿರಿ. ಒಮ್ಮೆ ಮಾಡಿದ ಕೆಲಸದ ಫಲವನ್ನು ಯಂತ್ರವು ನೆನಪಿಡುವದರಿಂದ ಅದನ್ನು ಪುನಃ ಮಾಡಬೇಕಾಗಿಲ್ಲ. ಹೀಗಾದರೆ ಹಳೆಯ ಪಾಳಿಯನ್ನು ಎಷ್ಟು ಜನರು ಹಿಡಿದುಕೊಂಡು ಬಂದರೂ ಚಿಂತೆಯಿಲ್ಲ.

“ಒಂದು ಜಮಾ ಎರಡು ಸಲ ಖರ್ಚು ಮಾಡಿದ್ರ ಲೆಕ್ಕ ಕೆಡ್ತದ ಅಜ್ಜಾ. ಆದ್ರ ಒಂದು ಸಾಲ ಎರಡು ಸಲ ತೀರಿಸಿದ್ರ ಯಾರಿಗೂ ನುಕಸಾನಿಲ್ಲ,” ಎಂದಳು ಮೊಮ್ಮಗಳು.

ನಾನು ಎದ್ದು ಒಳಗೆ ಹೋದೆನು. ನೀರು ಕುಡಿಯುವ ನೆವ. ಆ ಮಾತು ಗಣಿತದಲ್ಲಿ ಸರಿಯಾದುದೇ. ಆದರೆ ಒಂದು ಸಾಲವನ್ನು ಎರಡು ಸಲ ತೀರಿಸಿದ ಮನೆಯಲ್ಲಿ ನಾನು ಬೆಳೆದವನು, ಹಾಗೆ ತೀರಿಸುವಂತೆ ಮಾಡಿದವನೂ ನಾನೇ.

ವಾಚಕರೇ, ೧೯೫೭ರ ಮಾತಿದು. ಹೊಸ ಪೈಸೆಗಳು ಬಂದ ವರ್ಷ. ನನಗೆ ಹತ್ತು ವಯಸ್ಸು. ನಮ್ಮ ತಂದೆಯವರು ಮುಂಡರಗಿಯ ಕಡೆಯ ಒಂದು ಹಳ್ಳಿಯಲ್ಲಿ ಪತ್ತಿನ ಸೊಸಾಯಿಟಿಯ ಕಾರ್ಯದರ್ಶಿಗಳಾಗಿದ್ದರು. ಹತ್ತಿಯನ್ನು ಗದಗಿನ ಪೇಟೆಯಲ್ಲಿ ಮಾರಿ ಬಂದ ರೈತರು ಒಂದು ಸಂಜೆ ನಮ್ಮ ಕಟ್ಟೆಗೇ ಬಂದು ಸಾಲದ ಕಂತುಗಳನ್ನು ಕಟ್ಟಿಹೋದರು. ತಂದೆಯವರು ಕಂದೀಲಿನ ಬೆಳಕಿನಲ್ಲಿ ರೋಜಕೀರ್ದಿಗೆ ಒಂದೊಂದೇ ಹೆಸರನ್ನೂ ಮೊತ್ತವನ್ನೂ ಬರೆದು, ಹಣವನ್ನು ಎಣಿಸಿ, ಕೆಳಗೆ ಒಟ್ಟು ಹಾಕಿ, ಪಾವತಿಗಳನ್ನು ಬೆಳಗ್ಗೆ ಬರೆದರಾಯಿತೆಂದು ಊಟಕ್ಕೆ ಎದ್ದರು. ನನ್ನ ಅಕ್ಷರ ದುಂಡಗಿದ್ದುದರಿಂದ ಮುಂದಿನ ಪುಟಕ್ಕೆ ಗೆರೆ ಹಾಕುವ ಕೆಲಸ ನನ್ನದು. ನನ್ನ ಮೊಣಕೈ ತಾಗಿ ಮಸಿಯ ಕುಡಿಕೆ ಉರುಳಿತು.

ತಂದೆಯವರು ನನಗೆ ಲೆಕ್ಕದ ಪುಸ್ತಕವನ್ನು ಮೊದಲ ಸಲ ಮುಟ್ಟಗೊಟ್ಟ ದಿನ ಒಂದೇ ಮಾತು ಹೇಳಿದ್ದರು: “ತಪ್ಪು ಬರದ್ರ ಅಳಸಬ್ಯಾಡ. ಅದರ ಕೆಳಗ ಸರಿ ಬರಿ. ತಪ್ಪೂ ಇರಲಿ, ಸರಿನೂ ಇರಲಿ. ನೋಡಾವ್ರಿಗೆ ಎರಡೂ ಕಾಣ್ಲಿ.” ಆ ಮಾತು ನನಗೆ ನೆನಪಿತ್ತು. ಆದರೂ ಅಂಜಿಕೆ ನೆನಪಿಗಿಂತ ದೊಡ್ಡದು. ಬ್ಲೇಡಿನಿಂದ ಮಸಿಯ ಕಲೆಯನ್ನು ಕೆರೆದೆನು. ಕಲೆಯ ಜೊತೆಗೆ ಮೂರು ಸಾಲುಗಳೂ ಹೋದವು. ಅರೆಬರೆ ಕಾಣುತ್ತಿದ್ದ ಅಕ್ಷರಗಳನ್ನು ನೋಡಿ ಅವನ್ನು ಮತ್ತೆ ಬರೆದೆನು. ಎರಡು ಸಾಲು ಸರಿಯಾದವು. ಮೂರನೆಯದರಲ್ಲಿ ಹೆಸರೂ ನಾಲ್ವತ್ತು ರೂಪಾಯಿಯ ಮೊತ್ತವೂ ಕಂಡವು, ಅಡ್ಡಹೆಸರು ಕಾಣಲಿಲ್ಲ. ಆ ಹೆಸರಿನವರು ಊರಿನಲ್ಲಿ ಇಬ್ಬರಿದ್ದರು.

ಮರುದಿನ ಪಾವತಿ ಬರೆಯುವಾಗ ತಂದೆಯವರು ಆ ಸಾಲಿನ ಮುಂದೆ ಬಹಳ ಹೊತ್ತು ಕುಳಿತರು. ಗದ್ದಲದ ಆ ಸಂಜೆಯಲ್ಲಿ ಕಟ್ಟಿದವರು ಇಬ್ಬರಲ್ಲಿ ಯಾರೆಂಬದು ಅವರ ನೆನಪಿಗೂ ಬಾರದು. ಇಬ್ಬರನ್ನೂ ಕರೆಸಿದರು. ಇಬ್ಬರೂ ತಾವೇ ಕಟ್ಟಿದೆವೆಂದರು. ಇಬ್ಬರೂ ಆಣೆ ಮಾಡಿದರು. ತಂದೆಯವರು ಇಬ್ಬರ ಖಾತೆಗೂ ನಾಲ್ವತ್ತು ನಾಲ್ವತ್ತು ಜಮಾ ಬರೆದು, ಕೊರತೆಯಾದ ನಾಲ್ವತ್ತನ್ನು ತಾವು ತುಂಬಿದರು. “ಇಬ್ಬರೊಳಗ ಒಬ್ಬಾವಂತೂ ಖರೇ ಹೇಳ್ಯಾನ. ಅವನ ಕೈಯಿಂದ ಎರಡು ಸಲ ಕಟ್ಟಿಸಿಕೊಂಡ್ರ ಸೊಸಾಯಿಟಿ ಯಾಕ ಬೇಕು?” ಎಂದು ಅವ್ವನಿಗೆ ಹೇಳಿದ್ದನ್ನು ನಾನು ಅಡಿಗೆಮನೆಯ ಬಾಗಿಲ ಮರೆಯಿಂದ ಕೇಳಿದೆನು. ಅವ್ವನ ಒಂದು ಕೈಯ ಪಾಟ್ಲಿ ಮುಂದೆ ಎಂದೂ ಆ ಕೈಗೆ ಮರಳಲಿಲ್ಲ. ತಪಾಸಣೆಗೆ ಬಂದವರು ಕೆರೆದ ಪುಟವನ್ನು ನೋಡಿ ತಾಕೀತು ಬರೆದುಹೋದರು. ಮರುವರ್ಷ ತಂದೆಯವರು ಆ ಕೆಲಸವನ್ನು ಬಿಟ್ಟರು. ನನ್ನನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಆ ಊರಿಗೆ ಹೋದಾಗ ಸೊಸಾಯಿಟಿಯ ಹಳೆಯ ದಫ್ತರಗಳಲ್ಲಿ ಆ ಪುಟವನ್ನು ಹುಡುಕಿಸಿ ನೋಡಿದೆನು. ನಾನು ಕೆರೆದ ಕಾಗದ ತೆಳ್ಳಗಾಗಿ ಬೆಳಕು ಹಾಯುತ್ತಿತ್ತು. ಅದರ ಕೆಳಗೆ ಕೆಂಪು ಮಸಿಯಲ್ಲಿ ತಂದೆಯವರ ಕೈಯ ಒಂದು ಸಾಲು: ‘ಮನೆಯಲ್ಲಿ ಮಸಿ ಚೆಲ್ಲಿ ಬರಹ ಕೆಟ್ಟಿದೆ. ಹೊಣೆ ನನ್ನದು.’ ಹಾಗಾದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ಬೇಕಾದಷ್ಟು ನಿಜವನ್ನು ಬರೆದರು; ನನ್ನ ಹೆಸರನ್ನು ಮಾತ್ರ ಬರೆಯಲಿಲ್ಲ.

ಇದೆಲ್ಲವನ್ನೂ ಆ ರಾತ್ರಿ ಮೊಮ್ಮಗಳಿಗೆ ಹೇಳಿದೆನು. ನನ್ನ ಹೆಂಡತಿಗೂ ಮಗನಿಗೂ ಹೇಳದ ಮಾತು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನೂ ಅಳಸೀನಿ ಅಜ್ಜಾ,” ಎಂದಳು. ತಪ್ಪಾದ ತನ್ನ ಪ್ರಯತ್ನಗಳನ್ನೆಲ್ಲ ಅವಳು ಪ್ರತಿರಾತ್ರಿ ಅಳಿಸಿಹಾಕುತ್ತಿದ್ದಳಂತೆ. ಬೆಳಗ್ಗೆ ಮತ್ತೆ ಬರಿದಾದ ತೆರೆಯ ಮುಂದೆ ಕುಳಿತಾಗ ತನಗೆ ಏನೂ ಬಾರದೆಂದು ತೋರುತ್ತಿತ್ತಂತೆ. ಎಲ್ಲಿ ದಾರಿ ತಪ್ಪಿತೆಂಬದನ್ನು ನೋಡುವದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಆನರ್ಸನ್ನು ಬಿಡುವದೂ ಅವಳ ಮನಸ್ಸಿನಲ್ಲಿ ಈ ಮೂರು ತಿಂಗಳುಗಳನ್ನು ಅಳಿಸುವ ಒಂದು ಉಪಾಯವಾಗಿತ್ತು.

“ಬಿಡೂದಾದ್ರ ಬಿಡವ್ವಾ, ನನಗ ಬ್ಯಾಸರಿಲ್ಲ,” ಎಂದೆನು. “ಆದ್ರ ಬರದದ್ದನ್ನ ಇಟ್ಟು ಬಿಡು. ಒರಸಿ ಬಿಡಬ್ಯಾಡ.”

ಅವಳು ಹಬ್ಬ ಮುಗಿಸಿ ಮರಳಿದಳು. ಈಗ ಅವಳ ಬಳಿ ತಪ್ಪುಗಳ ಒಂದು ದೊಡ್ಡ ಸಂಗ್ರಹವಿದೆಯೆಂದು ಪೋನಿನಲ್ಲಿ ನಗುತ್ತ ಹೇಳುತ್ತಾಳೆ. ಪರೀಕ್ಷೆ ಇನ್ನೂ ಮುಂದಿದೆ. ಉತ್ತೀರ್ಣಳಾದಳೆಂದು ಬರೆಯುವ ಭಾಗ್ಯ ಈ ಲೇಖನಕ್ಕಿಲ್ಲ. ಆಗದಿದ್ದರೂ ನಾನು ಕಲಿತದ್ದು ಹೋಗುವದಿಲ್ಲ.

ಒಕಸಾಕಿಯವರ ಗಣಿತದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಯಂತ್ರದೊಳಗೆ ಸಾಲವನ್ನು ಎರಡು ಸಲ ತೀರಿಸಿದರೆ ಯಾರಿಗೂ ನಷ್ಟವಿಲ್ಲ. ಯಾಕಂದರೆ ಅಲ್ಲಿಯ ಸಾಲವು ಸಿದ್ಧಾಂತಕ್ಕಾಗಿ ಕಲ್ಪಿಸಿದ್ದು. ನಮ್ಮ ಮನೆಯಲ್ಲಿ ಅದನ್ನು ತೀರಿಸಿದ್ದು ಒಂದು ಪಾಟ್ಲಿ. ಆ ವ್ಯತ್ಯಾಸವನ್ನು ಮರೆಯದವನೇ ಒಳ್ಳೆಯ ಕಾರ್ಯದರ್ಶಿ. ಬಹುಶಃ ಒಳ್ಳೆಯ ಗಣಕಶಾಸ್ತ್ರಜ್ಞನೂ ಅವನೇ. ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಕಟ್ಟಬಹುದೆಂಬ ವಿದ್ಯೆಯನ್ನು ಈಗಿನ ಮಕ್ಕಳು ದೊಡ್ಡ ದೊಡ್ಡ ವಿದ್ಯಾಲಯಗಳಲ್ಲಿ ಕಲಿಯುತ್ತಿದ್ದಾರೆ. ನನಗೆ ಅದನ್ನು ಕಂದೀಲಿನ ಬೆಳಕಿನಲ್ಲಿ ಒಬ್ಬರು ಒಂದೇ ಮಾತಿನಲ್ಲಿ ಹೇಳಿದ್ದರು. ನಾನು ಕೇಳಲಿಲ್ಲ.

ಕೆರೆದ ಆ ಸಾಲನ್ನು ಈಗ ಮರಳಿ ತರಲಾರೆ. ಅದರ ಕೆಳಗೆ ಸರಿಯಾದುದನ್ನು ಬರೆಯಬೇಕಾಗಿತ್ತು. ಅರವತ್ತಕ್ಕೂ ಹೆಚ್ಚು ವರ್ಷ ತಡವಾಗಿ ಇಲ್ಲಿ ಬರೆದಿದ್ದೇನೆ: ಮಸಿ ಚೆಲ್ಲಿದವನು ನಾನು.